ಅಜ್ಜಿಯ ಹಲ್ಲುಸೆಟ್ಟೂ ಮೈಕ್ರೋವೇವ್ ಓವನ್ನೂ

ನಮ್ಮಜ್ಜಿಯ ಹಲ್ಲುಸೆಟ್ಟು ಒಂದು ದಿನ ಬಚ್ಚಲಲ್ಲಿ ಕೈಜಾರಿ ಬಿದ್ದು ಎರಡು ತುಂಡಾಯ್ತು. ಅಜ್ಜಿಗೆ ಸಂಕಟ, ನನಗೆ ಕುತೂಹಲ. ಮುರಿದ ಅಂಚನ್ನು ಬೆಳಕಿಗೆ ಹಿಡಿದು ನೋಡಿದೆ. ಗುಲಾಬಿ ಪ್ಲಾಸ್ಟಿಕ್ಕಿನ ತೆಳು ಭಾಗ ಗಾಜಿನ ಹಾಗೆ ಒಂದೇ ಸಮ ಇತ್ತು. ದಪ್ಪ ಭಾಗದ ನಡುವೆ ಮಾತ್ರ ಸಾಸಿವೆಗಿಂತ ಚಿಕ್ಕ ಗುಳ್ಳೆಗಳು. ಇಡ್ಲಿ ಮುರಿದಾಗ ಒಳಗೆ ಕಾಣುತ್ತಲ್ಲ, ಹಾಗೆ. ಮುರಿದಿದ್ದೂ ಸರಿಯಾಗಿ ಆ ಗುಳ್ಳೆಗಳ ಸಾಲಿನಲ್ಲೇ.

ಆ ಗುಳ್ಳೆ ಯಾಕೆ ಬಂತು ಅಂತ ಹೇಳಹೊರಟರೆ ಪ್ಲಾಸ್ಟಿಕ್ ತಯಾರಿಕೆಯ ಅರ್ಧ ಪಾಠ ಮುಗಿದಂತೆ. ಈ ಹಲ್ಲುಸೆಟ್ಟು ಮಾಡಲು ಜಪಾನಿನವರು ಅರವತ್ತರ ದಶಕದಲ್ಲೇ ಮೈಕ್ರೋವೇವ್ ಬಳಸಿ ನೋಡಿದ್ದರು. ರಸಾಯನಶಾಸ್ತ್ರದ ಲ್ಯಾಬುಗಳಿಗೆ ಅದರ ಹುಚ್ಚು ಹತ್ತಿದ್ದು ಎಷ್ಟೋ ವರ್ಷ ಆದಮೇಲೆ. ಹಾಗಾಗಿ ನಾನೂ ಲ್ಯಾಬಿನಿಂದಲ್ಲ, ಹಲ್ಲಿನಿಂದಲೇ ಶುರು ಮಾಡುತ್ತೇನೆ.

ಹಲ್ಲುಸೆಟ್ಟಿನ ಗುಲಾಬಿ ವಸಡು ಅಕ್ರಿಲಿಕ್. ಪೂರ್ತಿ ಹೆಸರು ಪಾಲಿಮೀಥೈಲ್ ಮೆಥಾಕ್ರಿಲೇಟ್. ಮೊದಲು ಮೇಣದಲ್ಲಿ ಆಕಾರ ಮಾಡುತ್ತಾರೆ. ಅದನ್ನು ಫ್ಲಾಸ್ಕ್ ಅನ್ನುವ ಎರಡು ಹೋಳಿನ ಡಬ್ಬಿಯಲ್ಲಿಟ್ಟು ಸುತ್ತ ಪ್ಲಾಸ್ಟರ್ ಸುರಿಯುತ್ತಾರೆ. ಪ್ಲಾಸ್ಟರ್ ಗಟ್ಟಿಯಾದಮೇಲೆ ಬಿಸಿನೀರಲ್ಲಿ ಮೇಣ ಕರಗಿಸಿ ತೆಗೆದರೆ ಅಚ್ಚು ಸಿದ್ಧ. ಆ ಅಚ್ಚಿಗೆ ತುಂಬುವುದು ಒಂದು ಹಿಟ್ಟು. ಮೂರು ಅಳತೆ ಪುಡಿ, ಒಂದು ಅಳತೆ ದ್ರವ. ಪುಡಿ ಅಂದರೆ ಆಗಲೇ ಪಾಲಿಮರ್ (ಸಣ್ಣ ಅಣುಗಳು ಸೇರಿದ ಉದ್ದ ಸರಪಳಿ) ಆಗಿರುವ ಸಣ್ಣ ಸಣ್ಣ ಮಣಿಗಳು, ಜೊತೆಗೆ ಚಿಟಿಕೆ ಬೆಂಜೈಲ್ ಪೆರಾಕ್ಸೈಡ್. ದ್ರವ ಅಂದರೆ ಮೂಗಿಗೆ ಬಡಿಯುವ ವಾಸನೆಯ ಮೀಥೈಲ್ ಮೆಥಾಕ್ರಿಲೇಟ್, ಅಂದರೆ ಇನ್ನೂ ಪಾಲಿಮರ್ ಆಗದ ಬಿಡಿ ಅಣುಗಳು, ಮೊನೊಮರ್. ಕಲಸಿದಾಗ ಮೊದಲು ಒದ್ದೆ ಮರಳಿನ ಹಾಗಿರುತ್ತದೆ. ಆಮೇಲೆ ಹಲಸಿನ ಮೇಣದ ಹಾಗೆ ಎಳೆ ಎಳೆಯಾಗುತ್ತದೆ. ಆಮೇಲೆ ಚಪಾತಿ ಹಿಟ್ಟಿನ ಹದ. ಆಗ ಅಚ್ಚಿಗೆ ತುಂಬಿ, ಫ್ಲಾಸ್ಕ್ ಬಿಗಿದು, ಬಿಸಿನೀರಿಗೆ ಇಳಿಸುತ್ತಾರೆ. 74 ಡಿಗ್ರಿ ಸೆಲ್ಸಿಯಸ್, ಎಂಟು ಒಂಬತ್ತು ಗಂಟೆ. ಅವಸರ ಇದ್ದವರಿಗೆ 74ರಲ್ಲಿ ಎರಡು ಗಂಟೆ, ಆಮೇಲೆ ಕುದಿಯುವ ನೀರಲ್ಲಿ ಒಂದು ಗಂಟೆ.

1968ರಲ್ಲಿ ಒಸಾಕಾದ ನಿಶಿ ಎಂಬ ಸಂಶೋಧಕರು ಇದೇ ಹಿಟ್ಟನ್ನು ಮೈಕ್ರೋವೇವ್‌ನಲ್ಲಿ ಬೇಯಿಸಿದ್ದನ್ನು ವರದಿ ಮಾಡಿದರು. 80ರ ದಶಕದಲ್ಲಿ ಜಪಾನಿನಲ್ಲಿ ಲೋಹವಿಲ್ಲದ ಫ್ಲಾಸ್ಕೂ ಅದಕ್ಕೊಪ್ಪುವ ರೆಸಿನ್ನೂ (ಅಂದರೆ ಈ ಅಕ್ರಿಲಿಕ್ ಹಿಟ್ಟೂ) ಬಂದವು. 500 ವಾಟ್, 3 ನಿಮಿಷ. ಒಂಬತ್ತು ಗಂಟೆ ಎಲ್ಲಿ, ಮೂರು ನಿಮಿಷ ಎಲ್ಲಿ!

ಇಷ್ಟು ದೊಡ್ಡ ವ್ಯತ್ಯಾಸ ನೋಡಿದರೆ ಮೈಕ್ರೋವೇವ್‌ನಲ್ಲಿ ಏನೋ ಮಾಯೆ ಇದೆ ಅನ್ನಿಸುತ್ತದೆ, ಅಲ್ವಾ? ನನಗೂ ಅನ್ನಿಸಿತ್ತು. ಈಗ ಅನ್ನಿಸುವುದಿಲ್ಲ.

ಫ್ಲಾಸ್ಕಿನ ಒಳಗೆ ನಡೆಯುವುದು ಮಕ್ಕಳ ಸರಪಳಿ ಆಟ. ಒಬ್ಬ ಕಳ್ಳ ಇರುತ್ತಾನೆ. ಅವನು ಯಾರನ್ನು ಮುಟ್ಟುತ್ತಾನೋ ಅವರು ಅವನ ಕೈ ಹಿಡಿಯಬೇಕು. ಇನ್ನು ಮುಟ್ಟುವ ಕೆಲಸ ಹೊಸಬನ ಖಾಲಿ ಕೈಯದು. ಅವನು ಇನ್ನೊಬ್ಬರನ್ನು ಹಿಡಿದರೆ ಖಾಲಿ ಕೈ ಅವರದಾಗುತ್ತದೆ. ಹೀಗೆ ಸರಪಳಿ ಬೆಳೆಯುತ್ತದೆ. ಆದರೆ ಖಾಲಿ ಕೈ ಯಾವಾಗಲೂ ತುದಿಯಲ್ಲಿ ಒಂದೇ.

ಮೈದಾನದಲ್ಲಿ ಓಡಾಡುವ ಮಕ್ಕಳೇ ಮೊನೊಮರ್ ಅಣುಗಳು. ಖಾಲಿ ಕೈ ಅಂದರೆ ಜೋಡಿಯಿಲ್ಲದ ಒಂಟಿ ಎಲೆಕ್ಟ್ರಾನ್. ಅದನ್ನು ಹೊತ್ತಿರುವ ಅಣುವೇ ಫ್ರೀ ರ್ಯಾಡಿಕಲ್. ಮೊದಲ ಕಳ್ಳನನ್ನು ಒದಗಿಸುವುದು ಬೆಂಜೈಲ್ ಪೆರಾಕ್ಸೈಡ್. ಅದರ ಮಧ್ಯೆ ಎರಡು ಆಮ್ಲಜನಕ ಪರಮಾಣುಗಳು ಕೈ ಹಿಡಿದು ನಿಂತಿರುತ್ತವೆ. ಸಡಿಲ ಹಿಡಿತ ಅದು. ಬಿಸಿ ತಾಗಿದರೆ ಬಿಟ್ಟುಹೋಗುತ್ತದೆ. ಒಂದು ಅಣುವಿನಿಂದ ಇಬ್ಬರು ಕಳ್ಳರು. ಹೀಗೆ ಆಟ ಶುರು ಮಾಡಿಕೊಡುವ ವಸ್ತುವಿಗೆ ಇನಿಷಿಯೇಟರ್ ಅಂತ ಹೆಸರು.

ಆಟ ಮುಗಿಯುವುದು ಹೇಗೆ? ಎರಡು ಸರಪಳಿಗಳ ಖಾಲಿ ಕೈಗಳು ಎದುರಾಗಿ ಒಂದನ್ನೊಂದು ಹಿಡಿದರೆ ಇಬ್ಬರ ಆಟವೂ ಮುಗಿಯಿತು. ಇಲ್ಲಿ ಒಂದು ಲೆಕ್ಕ ಅಡಗಿದೆ, ಇದನ್ನು ಮರೆಯಬೇಡಿ. ಮೈದಾನದಲ್ಲಿ ಇನ್ನೂರು ಮಕ್ಕಳಿದ್ದು ಕಳ್ಳರು ಇಬ್ಬರೇ ಆದರೆ ಸರಪಳಿಗಳು ಉದ್ದುದ್ದ ಬೆಳೆಯುತ್ತವೆ. ಒಮ್ಮೆಲೇ ಇಪ್ಪತ್ತು ಕಳ್ಳರನ್ನು ಬಿಟ್ಟರೆ ಮೈದಾನ ಬೇಗ ಖಾಲಿಯಾಗುತ್ತದೆ ನಿಜ, ಆದರೆ ಸರಪಳಿಗಳೆಲ್ಲ ಗಿಡ್ಡ ಗಿಡ್ಡ. ವೇಗ ಬೇಕು ಅಂದರೆ ಉದ್ದ ಬಿಡಬೇಕು. ಪಾಲಿಮರ್ ಮಾಡುವವರ ನಿತ್ಯದ ಗೋಳು ಇದು. ಸರಪಳಿ ಗಿಡ್ಡವಾದರೆ ಪ್ಲಾಸ್ಟಿಕ್ ಸುಲಭವಾಗಿ ಮುರಿಯುತ್ತದೆ.

ಕಳ್ಳರು ಎಷ್ಟು ಬೇಗ ಹುಟ್ಟುತ್ತಾರೆ ಅನ್ನುವುದು ಬಿಸಿಯ ಮೇಲೆ ನಿಂತಿದೆ. ಬೆಂಜೈಲ್ ಪೆರಾಕ್ಸೈಡ್‌ನಲ್ಲಿ ಅರ್ಧ ಪಾಲು ಒಡೆಯಲು ಸುಮಾರು 73 ಡಿಗ್ರಿಯಲ್ಲಿ 10 ಗಂಟೆ ಬೇಕು. ಸುಮಾರು 92 ಡಿಗ್ರಿಯಲ್ಲಿ 1 ಗಂಟೆ ಸಾಕು. 130 ಡಿಗ್ರಿಯ ಆಸುಪಾಸಿನಲ್ಲಿ ಒಂದೇ ನಿಮಿಷ! ಈ ಮೂರು ಅಂಕಿ ನೆನಪಿಟ್ಟುಕೊಂಡರೆ ಈ ಲೇಖನದ ಉಳಿದದ್ದನ್ನು ನೀವೇ ಊಹಿಸಬಹುದು. ಬಿಸಿನೀರಿನ ವಿಧಾನದಲ್ಲಿ 74 ಡಿಗ್ರಿ ಯಾಕೆ, ಅಷ್ಟು ಗಂಟೆ ಯಾಕೆ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ.

ಹಾಗಾದರೆ ಸುಮ್ನೆ ಮೊದಲೇ 130 ಡಿಗ್ರಿಗೆ ಕಾಯಿಸಿಬಿಡಬಹುದಲ್ಲ? ಆಗುವುದಿಲ್ಲ. ಮೊನೊಮರ್ ಸುಮಾರು 101 ಡಿಗ್ರಿಯಲ್ಲಿ ಕುದಿಯುತ್ತದೆ. ಸಾಲದ್ದಕ್ಕೆ ಪ್ರತಿ ಮಗು ಸರಪಳಿ ಸೇರಿದಾಗಲೂ ಒಂದಿಷ್ಟು ಬಿಸಿ ಹೊರಬೀಳುತ್ತದೆ. 100 ಗ್ರಾಂ ಮೊನೊಮರ್ ಪೂರ್ತಿ ಪಾಲಿಮರ್ ಆದರೆ ಸುಮಾರು 56 ಕಿಲೋಜೂಲ್. ಆ ಬಿಸಿ ಹೊರಗೆ ಹೋಗಲು ದಾರಿಯೇ ಇಲ್ಲದಿದ್ದರೆ ದ್ರವದ ಉಷ್ಣತೆ ಇನ್ನೂರೈವತ್ತು ಡಿಗ್ರಿಗೂ ಜಾಸ್ತಿ ಏರುವಷ್ಟು. ಹಲ್ಲುಸೆಟ್ಟಿಗೆ ಬರೀ ದ್ರವ ಹಾಕದೆ ಮುಕ್ಕಾಲು ಪಾಲು ಪುಡಿ ಸೇರಿಸುವುದರ ಜಾಣತನ ಇದು. ಪುಡಿ ಆಗಲೇ ಆಟ ಮುಗಿಸಿ ಕೂತಿದೆ, ಅದರಿಂದ ಹೊಸ ಬಿಸಿ ಬರುವುದಿಲ್ಲ. ಕುಗ್ಗುವುದೂ ಕಡಿಮೆ. ಬರೀ ಮೊನೊಮರ್ ಆದರೆ ಗಾತ್ರದಲ್ಲಿ 21 ಪ್ರತಿಶತ ಕುಗ್ಗುತ್ತದೆ, ಹಿಟ್ಟು ಆರೇಳು ಪ್ರತಿಶತ ಅಷ್ಟೇ.

ಅರ್ಧ ದಾರಿ ಸಾಗಿದಮೇಲೆ ಇನ್ನೊಂದು ತೊಡಕು ಬರುತ್ತದೆ. ಹಿಟ್ಟು ಗಟ್ಟಿಯಾಗುತ್ತಾ ಮೈದಾನ ಕೆಸರು ಗದ್ದೆಯಾಗುತ್ತದೆ. ಉದ್ದ ಸರಪಳಿಗಳು ಕಾಲು ಹೂತು ನಿಂತುಬಿಡುತ್ತವೆ. ಎರಡು ಖಾಲಿ ಕೈಗಳು ಎದುರಾಗುವುದೇ ಅಪರೂಪ. ಆದರೆ ಒಂಟಿ ಮಕ್ಕಳು ಚಿಕ್ಕವರು, ಕೆಸರಲ್ಲೂ ಓಡಾಡಿ ಬಂದು ಕೈಗೆ ಸಿಗುತ್ತಾರೆ. ಆಟ ಶುರುವಾಗುತ್ತಲೇ ಇದೆ, ಮುಗಿಯುತ್ತಿಲ್ಲ! ವೇಗ ಇದ್ದಕ್ಕಿದ್ದಂತೆ ಏರುತ್ತದೆ, ಜೊತೆಗೆ ಬಿಸಿಯೂ. ಜೆಲ್ ಪರಿಣಾಮ ಅನ್ನುವುದು ಇದನ್ನೇ.

ಓದುವ ಕಾಲದಲ್ಲಿ ಇದನ್ನು ನಾನು ಪುಸ್ತಕದಲ್ಲಿ ಓದಿ ಪಾಸಾಗಿದ್ದೆ. ಕಲಿತದ್ದು ಮಾತ್ರ ಒಂದು ಮಧ್ಯಾಹ್ನ. ಟೆಸ್ಟ್‌ಟ್ಯೂಬಿನಲ್ಲಿ ಮೊನೊಮರ್, ಇನಿಷಿಯೇಟರ್ ಹಾಕಿ ಬಿಸಿ ಎಣ್ಣೆಯಲ್ಲಿ ಇಳಿಸಿದ್ದೆ. ಇಪ್ಪತ್ತು ನಿಮಿಷ ಏನೂ ಆಗಲಿಲ್ಲ. ಜೇನುತುಪ್ಪದಷ್ಟು ಗಟ್ಟಿಯಾಯಿತು. ಇನ್ನೇನು ಸಮಯ ಇದೆ ಅಂತ ಟೀ ಕುಡಿಯಲು ಹೋದೆ. ಬಂದು ನೋಡಿದರೆ ಟ್ಯೂಬಿನ ಬಾಯಿಂದ ಬಿಳಿ ನೊರೆ ಉಕ್ಕಿ, ಅದೇ ಭಂಗಿಯಲ್ಲಿ ಕಲ್ಲಾಗಿ ನಿಂತಿತ್ತು. ಥೇಟ್ ಒಲೆ ಮೇಲೆ ಮರೆತ ಹಾಲು. ಟ್ಯೂಬಿನ ನಟ್ಟನಡುವೆ ಬಿಸಿ 100 ದಾಟಿ, ಉಳಿದಿದ್ದ ಮೊನೊಮರ್ ಕುದಿದು, ಗುಳ್ಳೆ ಹೊರಬರುವಷ್ಟರಲ್ಲಿ ಸುತ್ತ ಗಟ್ಟಿಯಾಗಿತ್ತು. ಅಜ್ಜಿಯ ಹಲ್ಲುಸೆಟ್ಟಿನ ದಪ್ಪ ಭಾಗದಲ್ಲಿ ಆಗಿದ್ದೂ ಇದೇ. ತೆಳು ಭಾಗದ ಬಿಸಿ ಪ್ಲಾಸ್ಟರಿಗೆ ಹರಿದುಹೋಯ್ತು. ದಪ್ಪ ಭಾಗದ ನಡುವಿನ ಬಿಸಿಗೆ ಹೋಗಲು ಜಾಗ ಸಿಗಲಿಲ್ಲ.

ಈಗ ಮೈಕ್ರೋವೇವ್‌ಗೆ ಬರೋಣ. ಎಣ್ಣೆಯಲ್ಲೋ ನೀರಲ್ಲೋ ಇಟ್ಟಾಗ ಬಿಸಿ ಹೊರಗಿನಿಂದ ಒಳಕ್ಕೆ ನಡೆದು ಹೋಗಬೇಕು. ಮೊದಲು ಪಾತ್ರೆಯ ಗೋಡೆ, ಆಮೇಲೆ ಗೋಡೆಗೆ ತಾಗಿದ ದ್ರವ, ಕೊನೆಗೆ ನಡು. ಮೈಕ್ರೋವೇವ್‌ಗೆ ಗಾಜು, ಪ್ಲಾಸ್ಟಿಕ್ ಹೆಚ್ಚುಕಮ್ಮಿ ಕಾಣಿಸುವುದೇ ಇಲ್ಲ. ಅದು ನೇರ ಒಳಗಿನ ಅಣುಗಳನ್ನು ಹಿಡಿಯುತ್ತದೆ. ನೀರಿನ ಹಾಗೆ ಒಂದು ತುದಿ ಧನ, ಒಂದು ತುದಿ ಋಣ ಇರುವ ಅಣುಗಳನ್ನು ಮುಖ್ಯವಾಗಿ. ಅಡುಗೆಮನೆಯ ಓವನ್ನಿನ ವಿದ್ಯುತ್ ಕ್ಷೇತ್ರ ಸೆಕೆಂಡಿಗೆ 245 ಕೋಟಿ ಬಾರಿ ಒಂದು ದಿಕ್ಕಿಗೆ ಹೋಗಿ ವಾಪಸ್ ಬರುತ್ತದೆ. ಅಣುಗಳು ಅದರ ಜೊತೆ ತಿರುಗಲು ನೋಡುತ್ತವೆ, ಪೂರ್ತಿ ತಾಳ ಸಿಗುವುದಿಲ್ಲ, ಅಕ್ಕಪಕ್ಕದವರಿಗೆ ಡಿಕ್ಕಿ ಹೊಡೆಯುತ್ತವೆ. ಆ ತಿಕ್ಕಾಟವೇ ಬಿಸಿ.

ಯಾವುದು ಎಷ್ಟು ಚೆನ್ನಾಗಿ ಕಾಯುತ್ತದೆ ಅನ್ನುವುದಕ್ಕೆ ಒಂದು ಅಂಕಿ ಇದೆ, ಟ್ಯಾನ್ ಡೆಲ್ಟಾ ಅಂತ. ಎಥಿಲೀನ್ ಗ್ಲೈಕಾಲ್‌ಗೆ 1.35, ಎಥನಾಲ್‌ಗೆ 0.94, ನೀರಿಗೆ 0.12, ಟಾಲ್ವೀನ್‌ಗೆ 0.04. ನೀರೇ ಮೊದಲ ಸ್ಥಾನದಲ್ಲಿ ಇರಬೇಕಿತ್ತು ಅಂದುಕೊಂಡಿದ್ದಿರಾ? ಓವನ್ನು ನೀರಿನ ಅಣುವಿಗೇ ಶ್ರುತಿ ಮಾಡಿಟ್ಟ ಯಂತ್ರ ಅನ್ನುವುದು ಬರೀ ನಂಬಿಕೆ. ರೇಡಿಯೋ ಸಂಪರ್ಕಕ್ಕೆ ತೊಂದರೆ ಆಗದಂತೆ ಬಿಟ್ಟುಕೊಟ್ಟ ತರಂಗಪಟ್ಟಿ ಅದು, ಅಷ್ಟೇ.

ಈ ಅಂಕಿಗಳಿಂದಲೇ ತಿಳಿಯುತ್ತದೆ, ಎಲ್ಲ ಮೊನೊಮರ್‌ಗೂ ಮೈಕ್ರೋವೇವ್ ಒಗ್ಗುವುದಿಲ್ಲ. ಮೀಥೈಲ್ ಮೆಥಾಕ್ರಿಲೇಟ್‌ಗೆ ಧನ-ಋಣ ತುದಿಗಳಿವೆ, ಅದು ಕಾಯುತ್ತದೆ. ಅಕ್ರಿಲಮೈಡ್ ಅನ್ನುವ ಇನ್ನೊಂದು ಮೊನೊಮರ್ ನೀರಲ್ಲಿ ಕರಗಿರುತ್ತದೆ, ತೊಂದರೆ ಇಲ್ಲ. ಥರ್ಮೋಕೋಲ್‌ನ ಮೂಲವಾದ ಸ್ಟೈರೀನ್ ಮಾತ್ರ ಟಾಲ್ವೀನ್‌ನ ಹತ್ತಿರದ ನೆಂಟ, ತಣ್ಣಗೆ ಕೂತಿರುತ್ತದೆ. ಅದಕ್ಕೊಂದು ಚೆಂದದ ಉಪಾಯ ಇದೆ. ಸೋಪು ಹಾಕಿದ ನೀರಿನಲ್ಲಿ ಸ್ಟೈರೀನನ್ನು ಮಜ್ಜಿಗೆಯ ಹಾಗೆ ಕಡೆದು ಹನಿ ಹನಿ ಮಾಡುತ್ತಾರೆ. ಮೈಕ್ರೋವೇವ್ ನೀರನ್ನು ಕಾಯಿಸುತ್ತದೆ, ನೀರು ಸ್ಟೈರೀನನ್ನು ಕಾಯಿಸುತ್ತದೆ. ಹುಟ್ಟುವ ಬಿಸಿಯನ್ನೂ ನೀರೇ ನುಂಗಿಕೊಳ್ಳುತ್ತದೆ. ಈ ಎಮಲ್ಷನ್ ವಿಧಾನ ಹಳೆಯದು, ಪೇಂಟ್ ಕಾರ್ಖಾನೆಗಳಲ್ಲಿ ದಿನನಿತ್ಯ ನಡೆಯುವಂಥದ್ದು. ಮೈಕ್ರೋವೇವ್‌ಗೂ ಸರಿಯಾಗಿ ಹೊಂದಿಕೊಂಡಿತು.

ಮೈಕ್ರೋವೇವ್ ಎಲ್ಲ ಕಡೆ ಸಮನಾಗಿ ಕಾಯಿಸುತ್ತದೆ ಅನ್ನುವ ಮಾತನ್ನು ಪೂರ್ತಿ ನಂಬಬೇಡಿ. ಮನೆಯಲ್ಲೇ ನೋಡಬಹುದು. ಓವನ್ನಿನ ತಟ್ಟೆ ತಿರುಗದಂತೆ ಕೆಳಗಿನ ಚಕ್ರ ತೆಗೆದಿಡಿ. ಅಗಲವಾದ ಹಸಿ ಹಪ್ಪಳ ಒಂದನ್ನು ಇಟ್ಟು ಇಪ್ಪತ್ತು ಸೆಕೆಂಡ್ ಓಡಿಸಿ. ಕೆಲವು ಕಡೆ ಬೆಳ್ಳಗೆ ಉಬ್ಬಿರುತ್ತದೆ, ಪಕ್ಕದಲ್ಲೇ ಹಸಿ. ಗೋಡೆಗಳಿಗೆ ಬಡಿದು ವಾಪಸ್ ಬಂದ ತರಂಗಗಳು ಒಂದರ ಮೇಲೊಂದು ಬಿದ್ದು ಕೆಲವು ಕಡೆ ಕೂಡುತ್ತವೆ, ಕೆಲವು ಕಡೆ ಅಳಿಸಿಹೋಗುತ್ತವೆ. ತರಂಗದ ಉದ್ದ 12.2 ಸೆಂಟಿಮೀಟರ್, ಹಾಗಾಗಿ ಬಿಸಿ ಮಚ್ಚೆಗಳ ನಡುವೆ ಸುಮಾರು ಅದರ ಅರ್ಧ, ಆರು ಸೆಂಟಿಮೀಟರ್ ಅಂತರ. ಹಪ್ಪಳ ಹಸಿ ಉಳಿದರೆ ಮತ್ತೊಮ್ಮೆ ಇಡಬಹುದು. 19 ಡಿಗ್ರಿಗೆ ಹತ್ತು ಪಟ್ಟು ಬದಲಾಗುವ ಇನಿಷಿಯೇಟರ್ ವಿಷಯದಲ್ಲಿ ಆ ಮಚ್ಚೆಗಳು ಏನು ಮಾಡಬಹುದು ಯೋಚಿಸಿ.

1986ರಲ್ಲಿ ಕೆನಡಾ ಮತ್ತು ಅಮೆರಿಕದ ಎರಡು ಗುಂಪುಗಳು ಸಾವಯವ ರಾಸಾಯನಿಕ ಕ್ರಿಯೆಗಳನ್ನು ಮೈಕ್ರೋವೇವ್‌ನಲ್ಲಿ ಮಾಡಿ ತೋರಿಸಿದಾಗ ಬಳಸಿದ್ದು ಇಂಥ ಅಡುಗೆಮನೆಯ ಓವನ್ನನ್ನೇ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ಜೆ. ರಾವ್ ಅವರ ಗುಂಪು 90ರ ದಶಕದಲ್ಲಿ ಮೈಕ್ರೋವೇವ್‌ನಿಂದ ಅಜೈವಿಕ ಘನವಸ್ತುಗಳನ್ನು ತಯಾರಿಸಿ ಹೆಸರು ಮಾಡಿತು. ಈಗ ಲ್ಯಾಬುಗಳಿಗೆ ಬೇರೆಯೇ ಯಂತ್ರ ಇದೆ. ಒಂದು ಚಿಕ್ಕ ಗೂಡು, ಅದರಲ್ಲಿ ಒಂದೇ ಟ್ಯೂಬು, ಒಳಗೆ ಕಲಕುವ ಕಡ್ಡಿ, ಒತ್ತಡ ಅಳೆಯುವ ಸಾಧನ. ಮನೆಯ ಓವನ್ನಿನಲ್ಲಿ ಅರ್ಧ ಪವರ್ ಅಂದರೆ ಸಾಮಾನ್ಯವಾಗಿ ಪೂರ್ತಿ ಪವರ್ ಕೊಟ್ಟು ನಿಲ್ಲಿಸಿ ಕೊಟ್ಟು ನಿಲ್ಲಿಸುವುದು. ಲ್ಯಾಬಿನದು ಬೇಕಾದಷ್ಟು ಮಾತ್ರ ನಿರಂತರವಾಗಿ ಕೊಡುತ್ತದೆ. ಅಂದ ಹಾಗೆ, ಮನೆಯಲ್ಲಿ ಹಪ್ಪಳ ಸಾಕು. ಮೀಥೈಲ್ ಮೆಥಾಕ್ರಿಲೇಟ್‌ನ ಆವಿ ಕೋಣೆಯ ಉಷ್ಣತೆಯಲ್ಲೇ ಕಿಡಿಗೆ ಹೊತ್ತಿಕೊಳ್ಳುತ್ತದೆ.

ಲ್ಯಾಬ್ ಯಂತ್ರಗಳ ಜೊತೆ ಒಂದು ಜಗಳವೂ ಬಂತು. ಒಂದೇ ಉಷ್ಣತೆಯಲ್ಲಿ ಎಣ್ಣೆಯಲ್ಲಿ ಕಾಯಿಸಿದ್ದಕ್ಕಿಂತ ಮೈಕ್ರೋವೇವ್‌ನಲ್ಲಿ ಕ್ರಿಯೆ ಎಷ್ಟೋ ಪಟ್ಟು ಬೇಗ ಆಯಿತು ಅಂತ ಸಾಲು ಸಾಲು ವರದಿಗಳು. ಬಿಸಿಯಲ್ಲದ ಏನೋ ವಿಶೇಷ ಪರಿಣಾಮ ಇದೆ ಅಂತ ಕೆಲವರ ವಾದ. ತರಂಗವೇ ನೇರವಾಗಿ ಬಂಧ ಒಡೆಯುತ್ತಿರಬಹುದೇ?

ಲೆಕ್ಕ ಹಾಕೋಣ. ಈ ತರಂಗದ ಒಂದು ಫೋಟಾನ್‌ನ (ತರಂಗ ಹೊತ್ತು ತರುವ ಶಕ್ತಿಯ ಅತಿ ಚಿಕ್ಕ ತುಣುಕಿನ) ಶಕ್ತಿ ಸುಮಾರು 0.00001 ಎಲೆಕ್ಟ್ರಾನ್ ವೋಲ್ಟ್. ಪೆರಾಕ್ಸೈಡ್‌ನ ಆ ಸಡಿಲ ಬಂಧ ಒಡೆಯಲು ಕೂಡ ಇದರ ಒಂದು ಲಕ್ಷ ಪಟ್ಟಿಗಿಂತ ಜಾಸ್ತಿ ಬೇಕು. ಅಷ್ಟೇ ಏಕೆ, ಓವನ್ ಆಫ್ ಇದ್ದಾಗಲೂ ಕೋಣೆಯ ಬಿಸಿಯಲ್ಲಿ ಅಣುಗಳ ಸಹಜ ಜಗ್ಗಾಟದ ಶಕ್ತಿ ಈ ಫೋಟಾನ್‌ನ ಎರಡೂವರೆ ಸಾವಿರ ಪಟ್ಟು. ಸಂತೆಯ ನೂಕುನುಗ್ಗಲಲ್ಲಿ ಒಂದು ಇರುವೆ ತಳ್ಳಿದಂತೆ. ತರಂಗ ಬಂಧ ಒಡೆಯುವುದಿಲ್ಲ. ಕಾಯಿಸುತ್ತದೆ, ಬಿಸಿ ಒಡೆಯುತ್ತದೆ.

ಹಾಗಾದರೆ ಆ ವರದಿಗಳೆಲ್ಲ ಸುಳ್ಳೇ? ಸುಳ್ಳು ಹೇಳಿದ್ದು ಥರ್ಮಾಮೀಟರ್. ಮೈಕ್ರೋವೇವ್‌ನಲ್ಲಿ ಲೋಹದ ಮಾಮೂಲಿ ಥರ್ಮಾಮೀಟರ್ ಇಡಲಾಗುವುದಿಲ್ಲ. ಹಾಗಾಗಿ ಹೆಚ್ಚಿನ ಯಂತ್ರಗಳು ಟ್ಯೂಬಿನ ಹೊರಮೈಯ ಬಿಸಿಯನ್ನು ಇನ್‌ಫ್ರಾರೆಡ್ ಕಣ್ಣಿನಿಂದ ನೋಡುತ್ತವೆ. ಇಲ್ಲಿ ಬಿಸಿ ಹುಟ್ಟುವುದು ದ್ರವದ ಒಳಗೆ, ಗಾಜಿಗೆ ತಲುಪುವುದು ತಡವಾಗಿ. ಎಣ್ಣೆಯಲ್ಲಿ ಗೋಡೆ ಬಿಸಿ, ನಡು ತಂಪು. ಮೈಕ್ರೋವೇವ್‌ನಲ್ಲಿ ಇದು ತಿರುವುಮುರುವು. ಅದರ ಮೇಲೆ ಪಾಲಿಮರ್ ಕ್ರಿಯೆಯ ಸ್ವಂತ ಬಿಸಿ ಬೇರೆ. ಪರದೆ ಮೇಲೆ 73 ಅಂತ ಬರುತ್ತಿರುವಾಗ ಒಳಗೆ 92 ಇದ್ದರೆ? ಕಳ್ಳರು ಹುಟ್ಟುವುದು ಹತ್ತು ಪಟ್ಟು ಜಾಸ್ತಿ. ಸರಪಳಿ ಬೆಳೆಯುವ ಒಟ್ಟು ವೇಗ ಕಳ್ಳರ ಸಂಖ್ಯೆಯ ಜೊತೆ ನೇರವಾಗಿ ಏರುವುದಿಲ್ಲ, ಅವರು ಒಬ್ಬರನ್ನೊಬ್ಬರು ಮುಗಿಸಿಯೂ ಬಿಡುತ್ತಾರಲ್ಲ. ಆದರೂ ಲೆಕ್ಕ ಹಾಕಿದರೆ ನಾಲ್ಕೂವರೆ ಪಟ್ಟಿನ ಹತ್ತಿರ ಬರುತ್ತದೆ. ಮಾಯೆ ಅಂತ ಬರೆದುಬಿಡಲು ಅಷ್ಟು ಸಾಕು.

ಗುಟ್ಟು ಬಯಲಾಗುವ ಜಾಗವೂ ಅಲ್ಲೇ ಇದೆ, ಸರಪಳಿಯ ಉದ್ದ. ಒಳಗೆ ನಿಜವಾಗಿ 92 ಆಗಿದ್ದರೆ ಸರಪಳಿಗಳ ಸರಾಸರಿ ಉದ್ದ ಅರ್ಧಕ್ಕಿಂತ ಕೆಳಗೆ ಇಳಿದಿರಬೇಕು. ಇಂಥ ವರದಿ ಓದುವಾಗ ನಾನು ಮೊದಲು ನೋಡುವುದು ಆ ಉದ್ದವನ್ನೇ, ಸಮಯವನ್ನಲ್ಲ. ಎರಡನೆಯದಾಗಿ, ಬಿಸಿ ಅಳೆದದ್ದು ಒಳಗಿನಿಂದಲೋ ಹೊರಗಿನಿಂದಲೋ. ಒಳಗೇ ಅಳೆಯಲು ಗಾಜಿನ ಎಳೆಯ ಫೈಬರ್ ಆಪ್ಟಿಕ್ ಥರ್ಮಾಮೀಟರ್ ಇದೆ. ಬೆಲೆ ಜಾಸ್ತಿ, ಗಟ್ಟಿಯಾಗುವ ಪಾಲಿಮರ್‌ನಲ್ಲಿ ಸಿಕ್ಕಿಕೊಂಡರೆ ಗೋವಿಂದ.

ಆಸ್ಟ್ರಿಯಾದ ಗ್ರಾಝ್‌ನಲ್ಲಿ ಕಾಪೆ ಎಂಬ ರಸಾಯನಶಾಸ್ತ್ರಜ್ಞರ ಗುಂಪು 2009ರಲ್ಲಿ ಒಂದು ಸೊಗಸಾದ ಪರೀಕ್ಷೆ ಮಾಡಿತು. ಗಾಜಿನ ಟ್ಯೂಬಿನ ಬದಲು ಸಿಲಿಕಾನ್ ಕಾರ್ಬೈಡ್ ಟ್ಯೂಬು. ಇದು ಮೈಕ್ರೋವೇವನ್ನು ತಾನೇ ಕುಡಿದು ಕೆಂಡದ ಹಾಗೆ ಕಾಯುತ್ತದೆ, ಒಳಗಿನ ದ್ರವಕ್ಕೆ ತರಂಗ ತಾಗಲು ಬಿಡುವುದಿಲ್ಲ. ಯಂತ್ರ ಅದೇ, ಬಿಸಿ ಏರುವ ವೇಗ ಅದೇ, ತರಂಗ ಮಾತ್ರ ಇಲ್ಲ. ಹಲವು ಸಾವಯವ ಕ್ರಿಯೆಗಳನ್ನು ಎರಡೂ ಬಗೆಯ ಟ್ಯೂಬಿನಲ್ಲಿ ಮಾಡಿದರು. ಫಲಿತಾಂಶ ಬಹುತೇಕ ಒಂದೇ. ಅವು ಪಾಲಿಮರ್ ಕ್ರಿಯೆಗಳಲ್ಲ ನಿಜ, ಆದರೆ ವಾದದ ಬೆನ್ನುಮೂಳೆ ಅಲ್ಲಿಗೆ ಮುರಿಯಿತು ಅಂತ ನನ್ನ ಅನಿಸಿಕೆ.

ನನಗಿನ್ನೂ ತುಸು ಇರುಸುಮುರುಸು ಇರುವುದು ಗೋರಿಕಾಯಿ ವಿಷಯದಲ್ಲಿ. ಹೌದು, ಪಲ್ಯ ಮಾಡುತ್ತೀವಲ್ಲ, ಉತ್ತರ ಕರ್ನಾಟಕದವರ ಚವಳಿಕಾಯಿ. ಅದರ ಬೀಜದಿಂದ ಗೌರ್ ಗಮ್ ಅನ್ನುವ ಅಂಟು ಸಿಗುತ್ತದೆ. ಅದರ ಮೇಲೆ ಪಾಲಿಅಕ್ರಿಲಮೈಡ್ ಸರಪಳಿಗಳನ್ನು ಮಾವಿನ ಗಿಡಕ್ಕೆ ಕಟ್ಟುವ ಹಾಗೆ ಕಸಿ ಕಟ್ಟುತ್ತಾರೆ. ಅಂಥ ಕಸಿ ಅಂಟನ್ನು ಕೊಳಕು ನೀರಿಗೆ ಹಾಕಿದರೆ ತೇಲುವ ಕಸ ಮುದ್ದೆಗಟ್ಟಿ ತಳಕ್ಕೆ ಇಳಿಯುತ್ತದೆ. 2004ರಲ್ಲಿ ಅಲಹಾಬಾದಿನ ಸಂಶೋಧಕರು ಇದನ್ನು ಮೈಕ್ರೋವೇವ್‌ನಲ್ಲಿ, ಇನಿಷಿಯೇಟರ್ ಹಾಕದೆಯೇ ಮಾಡಿದ್ದಾಗಿ ಬರೆದರು. ಆಮೇಲೆ ದೇಶದ ಬೇರೆ ಲ್ಯಾಬುಗಳೂ ಬೇರೆ ಬೇರೆ ಅಂಟುಗಳ ಮೇಲೆ ಮಾಡಿದವು. ಇನಿಷಿಯೇಟರ್ ಇಲ್ಲ ಅಂದಮೇಲೆ ಮೊದಲ ಕಳ್ಳ ಎಲ್ಲಿಂದ ಬಂದ? ಅಂಟಿನ ತುಂಬ ಇರುವ ಹೈಡ್ರಾಕ್ಸಿಲ್ ಗುಂಪುಗಳು (ಆಮ್ಲಜನಕ-ಹೈಡ್ರೋಜನ್ ಜೋಡಿಗಳು) ತರಂಗವನ್ನು ಹೀರಿ ಬಂಧ ಬಿಡುತ್ತವೆ ಅನ್ನುವುದು ಅಲ್ಲಿನ ವಿವರಣೆ. ಇರುವೆಯ ಲೆಕ್ಕ ನೆನೆದರೆ ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಎಲ್ಲೋ ಸಣ್ಣ ಜಾಗದಲ್ಲಿ ವಿಪರೀತ ಬಿಸಿಯಾಗಿರಬೇಕು, ಇಲ್ಲವೇ ಗಾಳಿಯ ಆಮ್ಲಜನಕದಿಂದ ಹುಟ್ಟಿದ ಪೆರಾಕ್ಸೈಡ್ ಮೊದಲೇ ಅಂಟಿನಲ್ಲಿ ಕೂತಿರಬೇಕು. ಕಸಿ ಆಗಿದ್ದು ನಿಜ, ಕಾರಣದ ಬಗ್ಗೆ ಮಾತ್ರ ನನ್ನ ತಕರಾರು.

ಕೊನೆಗೆ, ಇಷ್ಟು ಬೇಗ ಆಗುವ ಕೆಲಸ ಎಲ್ಲ ಕಾರ್ಖಾನೆಗೂ ಯಾಕೆ ಹೋಗಿಲ್ಲ? ಮೈಕ್ರೋವೇವ್ ನೀರಿನೊಳಗೆ ಒಂದೆರಡು ಸೆಂಟಿಮೀಟರ್ ಹೋಗುವಷ್ಟರಲ್ಲಿ ಬಹುಪಾಲು ಕರಗಿರುತ್ತದೆ. ಟೆಸ್ಟ್‌ಟ್ಯೂಬಿಗೆ ಅಷ್ಟು ಧಾರಾಳ. ಸಾವಿರ ಲೀಟರ್ ಹಂಡೆಯಲ್ಲಿ ಹೊರ ಅಂಚು ಮಾತ್ರ ನೇರವಾಗಿ ಕಾಯುತ್ತದೆ, ನಡುವಿನ ಪಾಡು ಎಣ್ಣೆಯಲ್ಲಿಟ್ಟ ಹಾಗೇ. ಅದಕ್ಕೇ ದ್ರವವನ್ನು ಸಣ್ಣ ಕೊಳವೆಯಲ್ಲಿ ಹರಿಸುತ್ತಾ ಕಾಯಿಸುವ ಯಂತ್ರಗಳು ಬಂದಿವೆ. ಆದರೆ ಪಾಲಿಮರ್ ಗಟ್ಟಿಯಾಗುತ್ತಾ ಹೋಗುವ ಜಾತಿ, ಕೊಳವೆ ಕಟ್ಟಿಕೊಂಡರೆ ಕಥೆ ಅಲ್ಲಿಗೆ ಮುಗೀತು.

ಹಲ್ಲುಸೆಟ್ಟು ಈ ದೃಷ್ಟಿಯಲ್ಲಿ ಹೇಳಿ ಮಾಡಿಸಿದ ಗಾತ್ರ. ಹೆಚ್ಚಿನ ಕಡೆ ದಪ್ಪ ಎರಡು ಮೂರು ಮಿಲಿಮೀಟರ್. ಹಿಟ್ಟಿನಲ್ಲಿ ಧನ-ಋಣ ಅಣು ಇದೆ, ಸುತ್ತಲ ಪ್ಲಾಸ್ಟರಿನಲ್ಲಿ ನೀರಿದೆ, ಎರಡೂ ಕಾಯುತ್ತವೆ. ಹಿತ್ತಾಳೆ ಫ್ಲಾಸ್ಕ್ ಮಾತ್ರ ಬೇಡ, ಲೋಹ ತರಂಗವನ್ನು ಒಳಗೆ ಬಿಡುವುದಿಲ್ಲ. ನಾರು ಬೆರೆಸಿದ ಪ್ಲಾಸ್ಟಿಕ್ ಫ್ಲಾಸ್ಕ್ ಬೇಕು. ಮೂರು ಮಿಲಿಮೀಟರ್ ಮೀರಿದ ಜಾಗದಲ್ಲಿ ಮಾಮೂಲಿ ರೆಸಿನ್ ಹಾಕಿ ಪೂರ್ತಿ ಪವರ್ ಕೊಟ್ಟರೆ ಮತ್ತದೇ ಇಡ್ಲಿ ಗುಳ್ಳೆ. ಅಂಥದ್ದಕ್ಕೆ ಕಡಿಮೆ ವಾಟ್, ಜಾಸ್ತಿ ಹೊತ್ತು. ಒಂಬತ್ತು ಗಂಟೆಯ ತಾಳ್ಮೆಯ ಒಂದು ಚೂರನ್ನು ಇಲ್ಲೂ ತೆರಬೇಕು.

ಅಜ್ಜಿಗೆ ಹೊಸ ಸೆಟ್ಟು ಬಂತು. ಮೊದಲೆರಡು ದಿನ ಕಾಫಿಗೆ ಏನೋ ಕಹಿ ವಾಸನೆ ಅಂತ ದೂರು. ಎಷ್ಟು ಚೆನ್ನಾಗಿ ಬೇಯಿಸಿದರೂ ಆಟಕ್ಕೆ ಸೇರದ ಮಕ್ಕಳು ಒಂದಿಷ್ಟು ಉಳಿದೇ ಇರುತ್ತವೆ, ನೀರಿನಲ್ಲಿಟ್ಟರೆ ಮೊದಲ ಕೆಲವು ದಿನದಲ್ಲಿ ಮೆಲ್ಲಗೆ ಹೊರಬರುತ್ತವೆ. ರಾತ್ರಿ ಸ್ಟೀಲ್ ಬಟ್ಟಲಲ್ಲಿ ನೀರು ಹಾಕಿ ಸೆಟ್ಟು ಮುಳುಗಿಸಿಟ್ಟು, ಬೆಳಿಗ್ಗೆ ಆ ನೀರು ಚೆಲ್ಲಿ ಅಂದೆ. ಮೂರನೇ ದಿನಕ್ಕೆ ಕಾಫಿ ಸರಿಹೋಯ್ತು.